ಗೋಡೆ ಒಡೆಯದೆ ಟಬ್ಬಿನ ಅಡಿಗೆ ಕೈ ಹಾಕಲು ದಾರಿ

ಕೆಳಗಿನ ಮನೆಯವರು ಬಂದು "ನಮ್ಮ ಸೀಲಿಂಗ್ ಒದ್ದೆಯಾಗಿದೆ" ಅಂದಾಗಲೇ ನಮಗೆ ಗೊತ್ತಾಗಿದ್ದು. ನಮ್ಮ ಬಾತ್‌ಟಬ್ಬಿನ ಅಡಿಯಲ್ಲಿ ಎಲ್ಲೋ ಸೋರುತ್ತಿತ್ತು. ಆದರೆ ನೋಡುವುದು ಹೇಗೆ? ಟಬ್ಬಿನ ಮುಂದೆ ನಾಲ್ಕಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ಟೈಲ್ಸ್. ಒಂದು ಕಿಂಡಿಯೂ ಬಿಟ್ಟಿರಲಿಲ್ಲ. ಅರ್ಧ ದಿನ ಸುತ್ತಿಗೆ, ಉಳಿ ಹಿಡಿದು ಒಡೆದೆವು. ಕೊನೆಗೆ ಸಿಕ್ಕಿದ್ದು ವೇಸ್ಟ್ ಕಪ್ಲಿಂಗಿನ, ಅಂದರೆ ಟಬ್ಬಿನ ನೀರು ಹೊರಹೋಗುವ ತೂತಿಗೆ ಹಾಕುವ ಜೋಡಣೆಯ, ರಬ್ಬರ್ ವಾಷರ್. ಒಣಗಿ ಬಿರುಕು ಬಿಟ್ಟಿತ್ತು, ಅಷ್ಟೇ.

ಮತ್ತೆ ಅದೇ ಗೋಡೆ ಕಟ್ಟಿಸಲು ಮನಸ್ಸು ಬರಲಿಲ್ಲ. ಈ ಸಲ ಬೇಕಾದಾಗ ತೆಗೆಯಬಹುದಾದ ಬಾಗಿಲಿಟ್ಟು ನಾನೇ ಮಾಡಿದೆ.

ಮೊದಲು ಟಬ್ಬಿನ ಅಡಿಯ ನೆಲಕ್ಕೆ ವಾಟರ್‌ಪ್ರೂಫಿಂಗ್ ಬಳಿದು, ನೀರು ನಹಾನಿ ಟ್ರ್ಯಾಪ್ (ನೆಲದಲ್ಲಿ ನೀರು ಹೋಗುವ ಕಿಂಡಿ) ಕಡೆ ಹರಿಯುವಂತೆ ಇಳಿಜಾರು ಕೊಟ್ಟೆ. ಆಮೇಲೆ ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪಿನ ಫ್ರೇಮ್. ಅದನ್ನು ನೆಲಕ್ಕೆ ಸ್ಕ್ರೂ ಮಾಡಲಿಲ್ಲ. ತೂತು ಕೊರೆದರೆ ಬಳಿದದ್ದೆಲ್ಲ ದಂಡ ಅಲ್ವಾ? ಎರಡು ಕಡೆಯ ಗೋಡೆಗೆ ಆಂಕರ್ ಹಾಕಿ, ನೆಲಕ್ಕೆ ಬರೀ ಅಂಟು ಹಾಕಿದೆ. ಟಬ್ಬಿನ ಭಾರ ಅದರ ಕಾಲುಗಳ ಮೇಲೇ ಇರಬೇಕು, ಫ್ರೇಮಿನ ಮೇಲೆ ಬೀಳಬಾರದು. ಫ್ರೇಮಿಗೆ 12 ಮಿ.ಮೀ. ಸಿಮೆಂಟ್ ಬೋರ್ಡ್ ಹೊಡೆದೆ. ಪ್ಲೈವುಡ್ ಇಂಥ ಜಾಗಕ್ಕೆ ಬೇಡವೇ ಬೇಡ.

ಬಾಗಿಲಿನ ವಿಷಯದಲ್ಲಿ ಜಾಸ್ತಿ ಹೊತ್ತು ಯೋಚಿಸಿದೆ. ಟ್ರ್ಯಾಪ್ ಇರುವ ತುದಿಯಲ್ಲಿ, ಕೆಳಗಿನ ಸಾಲಿನ ಒಂದು ಇಡೀ ಟೈಲೇ ಬಾಗಿಲು. ಎರಡಡಿ ಅಗಲ, ಒಂದಡಿ ಎತ್ತರ. ಅದರ ಅಂಚು ಸರಿಯಾಗಿ ಟೈಲ್ಸ್ ಸಂದಿ ತುಂಬುವ ಗ್ರೌಟಿನ ಗೆರೆಗೇ ಬರಬೇಕು, ಇಲ್ಲದಿದ್ದರೆ ಎದ್ದು ಕಾಣುತ್ತದೆ. ಹಾಗಾಗಿ ಟೈಲ್ಸನ್ನು ನೆಲದ ಮೇಲೆ ಜೋಡಿಸಿ ನೋಡಿದ ಮೇಲೆಯೇ ಫ್ರೇಮಿನ ಅಳತೆ ತೆಗೆದಿದ್ದೆ.

ಹಿಡಿದಿಡಲು ಆಯಸ್ಕಾಂತ. ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ತಂದೆ. ಅದಕ್ಕೂ ಅಂಟಲಿಲ್ಲ! ಅಂಗಡಿಯಲ್ಲಿ ಕೊಟ್ಟಿದ್ದು 304 ಗ್ರೇಡ್. ಬೇಕಾಗಿದ್ದು ಆಯಸ್ಕಾಂತ ಅಂಟುವ 430. ಪಟ್ಟಿ ಕೊಳ್ಳುವಾಗ ಒಂದು ಆಯಸ್ಕಾಂತ ಜೇಬಿನಲ್ಲಿರಲಿ. ಟೈಲ್, ಅದರ ಹಿಂದಿನ ಬೋರ್ಡ್ ಸೇರಿ ಸುಮಾರು ಆರು ಕೆಜಿ ಆಗುತ್ತದೆ. ಆ ಭಾರ ಆಯಸ್ಕಾಂತದ ಮೇಲೆ ಬೀಳಬಾರದು. ಬಾಗಿಲು ಫ್ರೇಮಿನ ಕೆಳಗಿನ ಪಟ್ಟಿಯ ಮೇಲೆ ಕೂರಬೇಕು. ನಾಲ್ಕು ಮೂಲೆಯ ಆಯಸ್ಕಾಂತ ಅದು ಮುಂದಕ್ಕೆ ಬೀಳದಂತೆ ಹಿಡಿದರೆ ಸಾಕು. ತೆಗೆಯಲು ಗಾಜು ಎತ್ತುವ ಸಕ್ಷನ್ ಕಪ್ ಇದೆ. ನಮ್ಮದು ನುಣುಪು ಟೈಲ್ ಆದ್ದರಿಂದ ಚೆನ್ನಾಗಿ ಹಿಡಿಯುತ್ತದೆ. ತರಿತರಿ ಟೈಲಿಗೆ ಇದು ಆಗುವುದಿಲ್ಲ.

ಬಾಗಿಲಿನ ಸುತ್ತ ಗ್ರೌಟ್ ಹಾಕಬೇಡಿ. ಅದೇ ಬಣ್ಣದ ಸಿಲಿಕೋನ್ ಹಾಕಿ, ಬೇಕಾದಾಗ ಬ್ಲೇಡಿನಲ್ಲಿ ಸೀಳಬಹುದು. ಕೆಳಗಿನ ಗೆರೆಯನ್ನು ನಾನು ಬೇಕಂತಲೇ ಹಾಗೇ ಬಿಟ್ಟಿದ್ದೇನೆ. ಒಳಗೆ ಸೋರಿದರೆ ನೀರು ನಮ್ಮ ಕಣ್ಣೆದುರೇ ಹೊರಗೆ ಬರಲಿ, ಕೆಳಗಿನ ಮನೆಗೆ ಹೋಗದಿರಲಿ. ಟಬ್ಬಿನ ಮೇಲಂಚಿಗೆ ಸಿಲಿಕೋನ್ ಹಾಕುವ ಮುಂಚೆ ಟಬ್ ತುಂಬಾ ನೀರು ತುಂಬಿಸಿ, ಹಾಕಿದ ಸಿಲಿಕೋನ್ ಒಣಗುವವರೆಗೆ ನೀರನ್ನು ಹಾಗೇ ಬಿಡಿ. ಭಾರಕ್ಕೆ ಟಬ್ ಚೂರು ಇಳಿಯುತ್ತದೆ. ಖಾಲಿ ಟಬ್ಬಿಗೆ ಹಾಕಿದ ಸಿಲಿಕೋನ್ ಮೊದಲ ಸ್ನಾನಕ್ಕೇ ಕಿತ್ತುಕೊಳ್ಳಬಹುದು.

ಮುಚ್ಚುವ ಮುಂಚೆ ವೇಸ್ಟ್ ಕಪ್ಲಿಂಗಿನ ಅಡಿಗೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿದ್ದೆ. ಆರು ತಿಂಗಳಾದ ಮೇಲೆ ಮೊನ್ನೆ ತೆಗೆದೆ. ಸಿಲಿಕೋನ್ ಸೀಳಿ ಟೈಲ್ ಕೆಳಗಿಡಲು ಐದು ನಿಮಿಷವೂ ಹಿಡಿಯಲಿಲ್ಲ. ಟಾರ್ಚ್ ಹಾಕಿ ನೋಡಿದೆ. ಪೇಪರ್ ಗರಿಗರಿಯಾಗಿತ್ತು, ಒಂದು ಹನಿಯ ಕಲೆಯೂ ಇರಲಿಲ್ಲ.