ಬಿಪಿ ನೋಡಿಸುವ ಮೊದಲು ಕಾಫಿ ಬೇಡ

ಬಿಪಿ ತೋರಿಸಲು ಹಳ್ಳಿಯಿಂದ ಶಿರಸಿಗೆ ಬರುವ ಹಿರಿಯರಿಗೆ, ಅವರನ್ನು ಕರೆತರುವವರಿಗೆ ಒಂದು ಮಾತು. ಬಸ್ ಇಳಿದವರೇ ಹೋಟೆಲ್‌ನಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ಸೀದಾ ಡಾಕ್ಟರ ಹತ್ತಿರ ಹೋಗಬೇಡಿ. ಕುಡಿದ 30ರಿಂದ 60 ನಿಮಿಷದೊಳಗೆ ಸಾಮಾನ್ಯವಾಗಿ ರಕ್ತದಲ್ಲಿ ಕೆಫೀನ್ (ಕಾಫಿ, ಚಹಾದಲ್ಲಿರುವ, ಮೈಗೆ ಚುರುಕು ತರುವ ಅಂಶ) ಅತಿ ಜಾಸ್ತಿ ಇರುತ್ತದೆ. ಆಗ ಬಿಪಿ ಸ್ವಲ್ಪ ಹೊತ್ತು ಏರಬಹುದು. ಕಾಫಿ ರೂಢಿ ಇಲ್ಲದವರಿಗೆ ಇದು ಇನ್ನೂ ಜಾಸ್ತಿ. ಸುಮ್ನೆ ಗಾಬರಿ ಯಾಕೆ, ಅಲ್ವಾ?

ಕಾಫಿ, ಚಹಾ, ಬೀಡಿ ಎಲ್ಲ ಕನಿಷ್ಠ ಅರ್ಧ ಗಂಟೆ ಮೊದಲೇ ನಿಲ್ಲಿಸಬೇಕು. ನನ್ನ ಕೇಳಿದರೆ ಒಂದು ಗಂಟೆ ಬಿಡುವುದೇ ಒಳ್ಳೆಯದು. ಒಳಗೆ ಹೋದ ಮೇಲೆ 5 ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂತುಕೊಳ್ಳಿ. ಆಮೇಲೆ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳಿ. ಕಾಫಿ ಕುಡಿದೇ ಬಂದಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಹಾಗಂತ ಬಿಪಿ ಜಾಸ್ತಿ ಬಂದರೆ ‘ಕಾಫಿಯಿಂದ ಆಗಿದ್ದು’ ಎಂದು ನೀವೇ ತೀರ್ಮಾನಿಸಿ ಮಾತ್ರೆ ಬಿಡಬೇಡಿ. ಇನ್ನೊಂದು ದಿನ ಮತ್ತೆ ನೋಡಿಸಿ.

ಸಂಜೆ ಕಾಫಿ ಕುಡಿದು ರಾತ್ರಿ ನಿದ್ದೆ ಬರುತ್ತಿಲ್ಲ ಎನ್ನುವವರೂ ಇದ್ದಾರೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲಿಕ್ಕೇ ಸುಮಾರು 5 ಗಂಟೆ ಬೇಕು. ಎದೆ ಡವಡವ, ಕೈ ನಡುಕ, ಎದೆಯುರಿ ಆಗುವವರು ಸಂಜೆಗೆ ನಮ್ಮ ಕೊತ್ತಂಬರಿ-ಜೀರಿಗೆ ಕಷಾಯ ಮಾಡಿಕೊಳ್ಳಿ, ಅದರಲ್ಲಿ ಕೆಫೀನ್ ಇಲ್ಲ. ಹಾಂ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ತಗೊಳ್ಳುವವರು ಅದನ್ನು ಕಾಫಿ ಜೊತೆ ನುಂಗಬೇಡಿ. ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.