ಮಂಡ್ಯದ ನಾಲಿಗೆ, ಫೋಟೋ ಫ್ರೇಮಿನ ಗಾಜು: ವಾರ್ತೆ ಓದೋ ನನ್ನ ಅನುಭವ

ಮಂಡ್ಯದ ಮನೆಯಲ್ಲೇ ಮಾಡುವ ನಮ್ಮ ವಾರ್ತಾ ಬುಲೆಟಿನ್ ನೋಡಿದ ಕಸುಬಿನವರು ಈಗ ಮೊದಲು ಕೇಳುವುದು ಒಂದೇ. "ಮೇಡಂ, ಯಾವ ಪ್ರಾಂಪ್ಟರ್ ಇಟ್ಟಿದ್ದೀರಿ?" ಪ್ರಾಂಪ್ಟರ್ ಅಂದರೆ ಓದಬೇಕಾದ ಸಾಲುಗಳನ್ನು ಕ್ಯಾಮೆರಾದ ಮುಂದೆಯೇ ತೋರಿಸುವ ಸಾಧನ. ಮಂಡ್ಯದ ಫೋಟೋ ಫ್ರೇಮ್ ಅಂಗಡಿ ಗಾಜು ಅಂದರೆ ನಂಬುವುದಿಲ್ಲ. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ಕೇಬಲ್ ಚಾನೆಲ್‌ನಲ್ಲಿ ಟ್ರಯಲ್‌ಗೆ ಕೂತಾಗ ಹಿರಿಯರೊಬ್ಬರು, "ಮಂಡ್ಯದವರ ಬಾಯಿಗೆ ವಾರ್ತೆ ಒಗ್ಗಲ್ಲಮ್ಮ, ನೀನು ರಿಪೋರ್ಟಿಂಗ್ ಮಾಡು" ಅಂದಿದ್ದರು. ಈಗ ಅವರ ಮನೆಯಲ್ಲೂ ಸಂಜೆ ಏಳಕ್ಕೆ ನಮ್ಮ ಬುಲೆಟಿನ್ನೇ ಓಡುತ್ತದೆ ಅಂತ ಕೇಳಿದ್ದೇನೆ. ಇರಲಿ.

ಲೇಪಲ್ ಮೈಕ್ ಎಲ್ಲಿ ಸಿಕ್ಕಿಸಬೇಕು, ರನ್‌ಡೌನ್ (ಸುದ್ದಿಗಳ ಕ್ರಮಪಟ್ಟಿ) ಹೇಗೆ ಕಟ್ಟಬೇಕು ಅನ್ನೋದು ನಿಮಗೆ ಗೊತ್ತಿರುವುದೇ. ನಾನು ಹೆಣಗಾಡಿದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ನಾಲಿಗೆ ವಿಷಯ. ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಾಸನ ಆಸನವಾಗುತ್ತದೆ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಮಂಡ್ಯದ ವಾರ್ತೆ ಅಂದಮೇಲೆ ಮಳೆಗಾಲ ಪೂರ್ತಿ ಕೆಆರ್‌ಎಸ್ ಓದಲೇಬೇಕು. ಆ ಜಲಾಶಯದ ಸುದ್ದಿಯಲ್ಲಿ ಒಳಹರಿವು, ಹೊರಹರಿವು ಎರಡೂ ಬರುತ್ತವೆ. ಟ್ರಯಲ್‌ನಲ್ಲಿ ನನ್ನ ಬಾಯಿಂದ ಬಂದದ್ದು 'ಒರಅರಿವು'. ಎಡಿಟಿಂಗ್ ರೂಮಿನಲ್ಲಿ ಅದನ್ನು ಹಿಂದೆ ಮುಂದೆ ಓಡಿಸಿ ನಕ್ಕರು. ಸರಿ, ತಿದ್ದೋಣ ಅಂತ ಹೊರಟರೆ ಇನ್ನೊಂದು ಕಾಟ ಶುರುವಾಯಿತು. ಇಲ್ಲದ ಕಡೆಯೆಲ್ಲ ಹಕಾರ ಬಂದು ಕೂತಿತು. 'ಹಧಿಕಾರಿಗಳು ಸ್ಥಳಕ್ಕೆ ಭೇಟಿ', 'ಹಕ್ಕಿ ಬೆಲೆ ಏರಿಕೆ'. ಅಕ್ಕಿ ಬೆಲೆ ಕಣ್ರೀ ಅದು!

ಆಗ ಎಲ್ಲರೂ ಕೊಟ್ಟ ಸಲಹೆ, ದೊಡ್ಡವರನ್ನು ಕೇಳಿ ಕಲಿ ಅಂತ. ಚಂದನದಲ್ಲಿ ಅಪರ್ಣಾ ಅವರ ನಿರೂಪಣೆ ಕೇಳಿಕೊಂಡೇ ಬೆಳೆದವಳು ನಾನು. ಬೆಂಗಳೂರಿನ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿಯೂ ಅವರದೇ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಆ ಬುಲೆಟಿನ್ ನಾನೇ ಓದಿದೆ. ಅವರ ಹಾಗೆಯೇ ಓದಬೇಕು ಅಂತ ಹಿಂದೆ ತಿಂಗಳುಗಟ್ಟಲೆ ಕೂತಿದ್ದೆ. ಅವರ ಉಚ್ಚಾರ ಬರಲಿಲ್ಲ, ಅವರ ಎಳೆತ ಮಾತ್ರ ಬಂತು. ನಮ್ಮ ಅತ್ತೆ ಒಂದು ದಿನ ಕೇಳಿ, "ಯಾಕವ್ವ, ಗಂಟಲು ಕಟ್ಕಂಡಿದ್ದದಾ?" ಅಂದರು. ಅವತ್ತೇ ಅದನ್ನು ಬಿಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಚೂರು ಟಿಶ್ಯೂ ಕಾಗದ. ಬೆರಳಗಲದ ಪಟ್ಟಿ ಕತ್ತರಿಸಿ ತುಟಿ ಮುಂದೆ ಇಳಿಬಿಟ್ಟು ಹಿಡಿಯಬೇಕು. 'ಅಕ್ಕಿ' ಅಂದಾಗ ಅದು ಅಲುಗಬಾರದು, 'ಹಕ್ಕಿ' ಅಂದಾಗ ಅಲುಗಬೇಕು. ಕಿವಿ ಮೋಸ ಮಾಡುತ್ತದೆ, ಕಾಗದ ಮಾಡುವುದಿಲ್ಲ. ಬತ್ತ ಮತ್ತು ಭತ್ತಕ್ಕೂ ಇದೇ ಪರೀಕ್ಷೆ. ಬುಲೆಟಿನ್‌ಗೆ ಮುಂಚೆ ಹತ್ತು ನಿಮಿಷ ಮಾಡಿದರೆ ಸಾಕು. ಸುಮ್ನೆ ದಿನವಿಡೀ 'ಶುದ್ಧ' ಮಾತಾಡಬೇಕಾಗಿಲ್ಲ. ಮನೆಯಲ್ಲಿ ನಾನು ಈಗಲೂ 'ಆಲು ಕಾಯ್ಸಿದ್ದೀನಿ' ಅಂತಲೇ ಹೇಳುವುದು. ಸ್ಟುಡಿಯೋ ದೀಪ ಹಾಕಿದರೆ ಹಕಾರ ತಾನಾಗಿ ಬರುತ್ತದೆ. ಮನೆ ಮಾತು ಬಿಡದೆ ಇದು ಆಗಲ್ಲ ಅಂದವರೇ ಜಾಸ್ತಿ. ಆಯ್ತಲ್ವಾ?

ಓದು ಕೂಡಿಬಂದದ್ದು ಮಾತ್ರ ಬಾಯಿಂದ ಅಲ್ಲ, ಪೆನ್ನಿಂದ. ವರದಿಗಾರರು ಕಳಿಸುವುದು ಹೀಗಿರುತ್ತದೆ: 'ಕಬ್ಬಿನ ಬಾಕಿ ಹಣ ಪಾವತಿಗೆ ಆಗ್ರಹಿಸಿ ರೈತ ಸಂಘದ ನೇತೃತ್ವದಲ್ಲಿ ನಗರದ ಸಂಜಯ ವೃತ್ತದಲ್ಲಿ ನೂರಾರು ರೈತರು ರಸ್ತೆ ತಡೆ ನಡೆಸಿದ ಹಿನ್ನೆಲೆಯಲ್ಲಿ ಬೆಂಗಳೂರು ಮೈಸೂರು ರಸ್ತೆಯಲ್ಲಿ ಸಂಚಾರ ಅಸ್ತವ್ಯಸ್ತಗೊಂಡಿತು.' ಒಂದೇ ಉಸಿರಿಗೆ ಇದು ಆಗುತ್ತದಾ? ನಾನು ಹೀಗೆ ಮಾಡುತ್ತೇನೆ: 'ಮಂಡ್ಯದ ಸಂಜಯ ವೃತ್ತದಲ್ಲಿ ಇವತ್ತು ರೈತರು ರಸ್ತೆ ತಡೆದರು. ಕಬ್ಬಿನ ಬಾಕಿ ಕೊಡಿ ಅನ್ನೋದು ಅವರ ಒತ್ತಾಯ. ಬೆಂಗಳೂರು ಮೈಸೂರು ರಸ್ತೆಯಲ್ಲಿ ವಾಹನಗಳು ನಿಂತವು.' ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಅನ್ನೋದು ಗೊತ್ತಾಗುವುದೇ ಅಲ್ಲಿ. ಹೊಸಬರು ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಮುಗಿದು, ದನಿ ಇಳಿದು, ಕಣ್ಣು ಮುಂದಿನ ಸಾಲಿಗೆ ಹಾರಿರುತ್ತದೆ. ಕಾಗದ ಹಿಡಿದು ಓದುತ್ತಿದ್ದ ಕಾಲದಲ್ಲಿ ನಾನು ಕೊನೆಯ ಮೂರು ಪದಕ್ಕೆ ಕೆಂಪು ಗೆರೆ ಎಳೆದು, ಅವನ್ನು ಕ್ಯಾಮೆರಾ ನೋಡಿಯೇ ಹೇಳುತ್ತಿದ್ದೆ. ಪ್ರಾಂಪ್ಟರ್ ಬಂದ ಮೇಲೂ ಆ ಗೆರೆ ಬಿಟ್ಟಿಲ್ಲ.

ಅಂಕಿ ವಿಷಯದಲ್ಲಿ ಇನ್ನೂ ಜಾಸ್ತಿ ಜಾಗ್ರತೆ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಅಂತ ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಅದನ್ನು ತಪ್ಪಿ ಓದಿದರೆ ಫೋನ್ ನಿಲ್ಲುವುದಿಲ್ಲ. ನಾನು ಸ್ಕ್ರಿಪ್ಟಿನಲ್ಲಿ ಅಂಕಿ ಹಾಕುವುದೇ ಇಲ್ಲ, ಅಕ್ಷರದಲ್ಲೇ ಬರೆಸುತ್ತೇನೆ. ಇನ್ನೊಂದು ಲೆಕ್ಕ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಸುಮಾರು 11,574 ಕ್ಯೂಸೆಕ್ ದಿನಪೂರ್ತಿ ಹರಿದರೆ ಒಂದು ಟಿಎಂಸಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ 5,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂಬ ಆದೇಶ ಬಂದು ಊರು ಕಾವೇರಿದ್ದಾಗ, ಒಬ್ಬ ಹುಡುಗ 'ದಿನಕ್ಕೆ ಐದು ಟಿಎಂಸಿ' ಅಂತ ಕಾಪಿ ಕಳಿಸಿದ್ದ. ಲೆಕ್ಕ ಹಾಕಿ ನೋಡಿ, ಅರ್ಧ ಟಿಎಂಸಿಯೂ ಆಗುವುದಿಲ್ಲ. ಓದುವವರಿಗೆ ಲೆಕ್ಕ ಯಾಕೆ ಅನ್ನುತ್ತಾರಲ್ಲ, ಅವರಿಗೆ ಇದನ್ನೇ ಹೇಳುತ್ತೇನೆ.

ಇನ್ನು ಪ್ರಾಂಪ್ಟರ್. ಮೈಸೂರಿನ ಚಾನೆಲ್‌ನಲ್ಲಿ ತಿಂಗಳಿಗೆ ಏಳೆಂಟು ಸಾವಿರ ಕೊಡುತ್ತಿದ್ದರು. ಕೊನೆಯ ಎರಡು ಮೂರು ತಿಂಗಳದ್ದು ಇನ್ನೂ ಬಂದಿಲ್ಲ, ಬರುವುದೂ ಇಲ್ಲ. ಅಲ್ಲಿಂದ ಬಿಟ್ಟು ಬಂದು ಮಂಡ್ಯದ ಮನೆಯಲ್ಲೇ ಸ್ಟುಡಿಯೋ ಮಾಡುತ್ತೇನೆ ಅಂದಾಗ ನಮ್ಮ ಯಜಮಾನರನ್ನು ಬಿಟ್ಟು ಎಲ್ಲರೂ ನಕ್ಕರು. "ಮನೆಯಲ್ಲಿ ಸ್ಟುಡಿಯೋನಾ?" ನಾನು ಅವರಿಗೆ ಮೈಸೂರಿನ ಒಂಟಿಕೊಪ್ಪಲು ಬಡಾವಣೆಯ ಉದಾಹರಣೆ ಕೊಟ್ಟೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದವರು. ಆಕಾಶವಾಣಿ ಅನ್ನೋ ಹೆಸರು ಬಂದದ್ದೂ ಆ ಕೇಂದ್ರದಿಂದಲೇ. ನನಗೆ ಬೇಕಾಗಿದ್ದದ್ದು ಹತ್ತಡಿ ಹದಿನಾಲ್ಕಡಿ ರೂಮು.

ಒಳ್ಳೆ ಪ್ರಾಂಪ್ಟರ್‌ಗೆ ನಲವತ್ತು ಸಾವಿರದ ಹತ್ತಿರ ಹೇಳಿದರು. ಅಷ್ಟು ದುಡ್ಡಿಗೆ ನಮ್ಮ ಹಳೇ ಕ್ಯಾಮೆರಾನೇ ಬಂದಿತ್ತು. ನಾವೇ ಮಾಡೋಣ ಅಂತ ಕೂತೆವು. ಟ್ಯಾಬ್ಲೆಟ್ ಮೇಲ್ಮುಖವಾಗಿ ಮಲಗಿಸಿ, 45 ಡಿಗ್ರಿಗೆ ಗಾಜು ನಿಲ್ಲಿಸಿ, ಹಿಂದೆ ಕಪ್ಪು ಬಟ್ಟೆಯೊಳಗೆ ಕ್ಯಾಮೆರಾ. ಮೊದಲು ತಂದದ್ದು 5 ಎಂಎಂ ಕಿಟಕಿ ಗಾಜು. ಪ್ರತಿ ಅಕ್ಷರವೂ ಎರಡೆರಡು. ಗಾಜಿನ ಮುಂದಿನ ಮೈ, ಹಿಂದಿನ ಮೈ ಎರಡೂ ಪ್ರತಿಬಿಂಬ ಕೊಡುತ್ತವೆ, ಗಾಜು ದಪ್ಪವಾದಷ್ಟೂ ಅವುಗಳ ನಡುವೆ ದೂರ. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು 'ಸ್ಪಷ್ಟ' ಅನ್ನೋದು ಮಸಿಯಾಗಿ ಕಾಣುತ್ತಿತ್ತು. ಕಾರಿನ ಕಿಟಕಿಗೆ ಹಾಕುವ ಫಿಲ್ಮ್ ಅಂಟಿಸಿದೆವು. ಅಕ್ಷರ ನಿಂತಿತು, ಆದರೆ ಗುಳ್ಳೆ ಎದ್ದವು, ನನ್ನ ಮುಖ ಮಬ್ಬಾಯಿತು. ಆರುನೂರು ರೂಪಾಯಿ ಹೋಯಿತು. ಅಕ್ರಿಲಿಕ್ ಹಾಳೆ ತಂದೆವು. ದೀಪದ ಬಿಸಿಗೆ ನಡುವೆ ಬಗ್ಗಿ, ಸಾಲುಗಳೂ ಬಗ್ಗಿದವು. ಅದೂ ಎಂಟುನೂರೋ ಸಾವಿರವೋ.

ಆಮೇಲೆ ದೇವರ ಪಟಕ್ಕೆ ಗಾಜು ಹಾಕಿಸಲು ಹೋದಾಗ ಫ್ರೇಮಿನ ಗಾಜು ಕೈಗೆ ಬಂತು. 2 ಎಂಎಂ. ತೆಳ್ಳಗಿದ್ದರೆ ಎರಡು ಪ್ರತಿಬಿಂಬ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಆರಡಿ ಏಳಡಿ ದೂರದಿಂದ ಎರಡಿದೆ ಅಂತ ಗೊತ್ತೇ ಆಗುವುದಿಲ್ಲ. ಬರಿಯ ಗಾಜು ಬೆಳಕಿನ ನೂರಕ್ಕೆ ಹತ್ತು ಪಾಲಿನಷ್ಟೇ ತಿರುಗಿಸುವುದರಿಂದ ಟ್ಯಾಬ್ಲೆಟ್ ಬೆಳಕು ಪೂರ್ತಿ ಏರಿಸಬೇಕು, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಹಾಕಬೇಕು, ಕ್ಯಾಮೆರಾ ಕಡೆ ಕತ್ತಲು ಗಟ್ಟಿಯಾಗಿರಬೇಕು. ಗಾಜಿಗೆ ಇನ್ನೂರು ಮುನ್ನೂರು, ಬಡಗಿಗೆ ಸಾವಿರದೈನೂರು, ಸೆಕೆಂಡ್‌ಹ್ಯಾಂಡ್ ಟ್ಯಾಬ್ಲೆಟ್‌ಗೆ ನಾಲ್ಕು ಸಾವಿರ. ವೇಸ್ಟ್ ಆದದ್ದನ್ನೂ ಸೇರಿಸಿದರೆ ಎಂಟು ಸಾವಿರದ ಒಳಗೇ.

ಸಾಲಿಗೆ ಮೂರು ಪದಕ್ಕಿಂತ ಹೆಚ್ಚು ಹಾಕಬೇಡಿ, ಕಣ್ಣು ಅಡ್ಡ ಓಡುವುದು ನೋಡುವವರಿಗೆ ಗೊತ್ತಾಗುತ್ತದೆ. ಸಾಲಿನ ನಡುವೆ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬೇಕು, ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ. ದೊಡ್ಡ ತಲೆನೋವು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು. ಪ್ರಾಂಪ್ಟರ್ ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಸಂತೆ. ಒಮ್ಮೆ ಬುಲೆಟಿನ್‌ಗೆ ಐದು ನಿಮಿಷ ಇರುವಾಗ ಹಾಗಾಗಿ, ಪೂರ್ತಿ ಕಾಗದ ನೋಡಿ ಓದಿದೆ. ಈಗ ಯುನಿಕೋಡ್‌ಗೆ ಬದಲಾಯಿಸದ ಕಾಪಿ ಬಂದರೆ ವಾಪಸ್ ಕಳಿಸುತ್ತೇನೆ.

ಆ್ಯಪ್ ತನ್ನ ಪಾಡಿಗೆ ಓಡಿದರೆ ನಾವು ಅದರ ಹಿಂದೆ ಓಡಬೇಕಾಗುತ್ತದೆ. ನನ್ನದು ಕಾಲಲ್ಲಿ ಓಡುತ್ತದೆ. ಮೇಜಿನ ಕೆಳಗೆ ಒಂದು ವೈರ್‌ಲೆಸ್ ಮೌಸ್ ಇದೆ, ಅಷ್ಟು ಹೇಳಬಲ್ಲೆ. ಅದನ್ನು ಪೆಡಲ್ ಮಾಡಿದ್ದು ಹೇಗೆ ಅಂತ ಕೇಳಬೇಡಿ. ಅದೊಂದು ನನ್ನ ಹತ್ತಿರವೇ ಇರಲಿ.

ರೂಮಿನ ಕಥೆಯೂ ಇದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಹಾಕಿಕೊಂಡೇ ಹೋಗುವ ರಸ್ತೆ ನಮ್ಮದು. ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಅಂತ ಯಾರೋ ಹೇಳಿದರು. ಗೋಡೆ ತುಂಬ ಅಂಟಿಸಿದೆವು. ರೂಮಿನೊಳಗಿನ ಪ್ರತಿಧ್ವನಿ ಒಂಚೂರು ಕಡಿಮೆಯಾಯಿತು, ಟ್ರ್ಯಾಕ್ಟರ್ ಮಾತ್ರ ಹಾಗೆಯೇ ಕೇಳಿಸಿತು. ಜೊತೆಗೆ ಜಿರಲೆ ಬಂದವು. ಕಿತ್ತು ಹಾಕಿ ಹಳೇ ಹತ್ತಿ ಹಾಸಿಗೆಗಳನ್ನು ಕಿಟಕಿಗೆ ಒತ್ತಿ ನಿಲ್ಲಿಸಿದ್ದೇವೆ. ಅಗ್ಗದ ಎಲ್‌ಇಡಿ ಹಾಕಿದಾಗ ಪರದೆಯಲ್ಲಿ ಪಟ್ಟಿ ಓಡುತ್ತಿತ್ತು. ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಟ್ಟ ಮೇಲೆ ನಿಂತಿತು, ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ.

ಸೀರೆ ಬಗ್ಗೆ ಹೆಣ್ಣುಮಕ್ಕಳು ಕೇಳುತ್ತಾರೆ. ಸಣ್ಣ ಚೌಕುಳಿ ಬೇಡ, ಪರದೆ ಮೇಲೆ ಇರುವೆ ಸಾಲು ಹರಿದ ಹಾಗೆ ಕಾಣುತ್ತದೆ. ಇನ್ನು ಕ್ರೋಮಾ, ಅಂದರೆ ಹಿಂದಿನ ಬಟ್ಟೆಯ ಬಣ್ಣ ತೆಗೆದು ಆ ಜಾಗದಲ್ಲಿ ಬೇರೆ ಚಿತ್ರ ಕೂರಿಸುವುದು. ಹಿಂದೆ ಹಸಿರು ಬಟ್ಟೆ ಕಟ್ಟಿ, ನಾನು ಹಬ್ಬದ ಹಸಿರು ಗಾಜಿನ ಬಳೆ ತೊಟ್ಟೇ ಕೂತಿದ್ದೆ. ಎಡಿಟ್‌ನಲ್ಲಿ ನೋಡಿದರೆ ಬಳೆ ಇದ್ದ ಕಡೆಯೆಲ್ಲ ಕೈ ತುಂಡಾಗಿ, ನಡುವೆ ಕೆಆರ್‌ಎಸ್ ಗೇಟು ಕಾಣುತ್ತಿತ್ತು! ಬಳೆ ತೆಗಿ ಅಂದರೆ ಅತ್ತೆ ಒಪ್ಪಲಿಲ್ಲ. ಹಿಂದಿನ ಬಟ್ಟೆಯನ್ನೇ ನೀಲಿ ಮಾಡಿದೆವು.

ದುಡ್ಡು? ಬರಿಯ ವಾರ್ತೆಯಿಂದ ಹೊಟ್ಟೆ ತುಂಬುವುದಿಲ್ಲ. ಹತ್ತು ಸೆಕೆಂಡಿನ ಜಾಹೀರಾತಿಗೆ ನೂರೈವತ್ತು ರೂಪಾಯಿ ಸಿಗುತ್ತದೆ, ಚಿನ್ನದಂಗಡಿ, ಕಲ್ಯಾಣ ಮಂಟಪ, ಬೋರ್‌ವೆಲ್‌ನವರು ಕೊಡುತ್ತಾರೆ. ಆಷಾಢದಲ್ಲಿ ಅದೂ ಇಳಿಯುತ್ತದೆ. ವೇದಿಕೆ ನಿರೂಪಣೆಗೆ ಸಂಜೆಗೆ ಮೂರು ಸಾವಿರ ಕೇಳುತ್ತೇನೆ, ಎರಡಕ್ಕೆ ಒಪ್ಪಿಸುತ್ತಾರೆ. ಆಟೋ ಪ್ರಚಾರಕ್ಕೆ ದನಿ ಕೊಟ್ಟರೆ ಐನೂರು. ನಿಜ ಹೇಳಬೇಕೆಂದರೆ ಸ್ಟುಡಿಯೋದ ಇಎಂಐ ಕಟ್ಟಿದ್ದು ಆಟೋಗಳೇ. ಎರಡನೇ ವರ್ಷದ ಕೊನೆಗೆ ಹಾಕಿದ ದುಡ್ಡು ಕೈಸೇರಿತು.

ಈಗ ಇನ್ನೊಂದು ಪ್ರಯೋಗ ನಡೆದಿದೆ. ಭಾನುವಾರ ಹತ್ತು ನಿಮಿಷದ ಬುಲೆಟಿನ್ ಪೂರ್ತಿ ಮಂಡ್ಯದ ಮಾತಿನಲ್ಲಿ ಓದುತ್ತೇನೆ. ಬೆಲ್ಲದ ರೇಟು, ನಾಲೆ ನೀರು, ಜಾತ್ರೆ ಸುದ್ದಿ. ಇದು ಸುಲಭ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಬರೆದುಕೊಂಡು ಓದಿದರೆ ನಾಟಕದ ಹಾಗೆ ಕೇಳಿಸುತ್ತದೆ, ಬರೆಯದೆ ಹೇಳಿದರೆ ಹತ್ತು ನಿಮಿಷ ಇಪ್ಪತ್ತಾಗುತ್ತದೆ. ಸದ್ಯಕ್ಕೆ ಪ್ರಾಂಪ್ಟರ್‌ನಲ್ಲಿ ಊರಿನ ಹೆಸರು, ರೇಟು ಮಾತ್ರ ಹಾಕಿಕೊಂಡು ಉಳಿದದ್ದನ್ನು ಬಾಯಿಗೆ ಬಿಟ್ಟಿದ್ದೇನೆ. ಜಾಹೀರಾತಿನವರು ಈ ಬುಲೆಟಿನ್ ಅನ್ನೇ ಮೊದಲು ಕೇಳುತ್ತಿದ್ದಾರೆ. ರೇಟು ಇನ್ನೂರಕ್ಕೆ ಏರಿಸಿದ್ದೇನೆ. ಹಕಾರ ಮಾತ್ರ ಅಲ್ಲೂ ಒಮ್ಮೊಮ್ಮೆ ನುಗ್ಗಿ ಬರುತ್ತದೆ, ಅದನ್ನು ತಡೆಯುವುದಕ್ಕೆ ಟಿಶ್ಯೂ ಪಟ್ಟಿ ಉಪಯೋಗಕ್ಕೆ ಬರುತ್ತಿಲ್ಲ. ಬೇರೆ ಏನಾದರೂ ಹುಡುಕಬೇಕು.