ಡೋಸ್ ನೀವೇ ಕೊಡಿ, ನಾನು ನೋಡುತ್ತೇನೆ

ನಾನು ಬರುವ ದಿನ ದಯವಿಟ್ಟು ಮನೆ ಓರಣ ಮಾಡಲು ಹೋಗಬೇಡಿ. ಆಸ್ಪತ್ರೆಯಿಂದ ಬಿಡುಗಡೆಯಾದ ಮಕ್ಕಳ ಮನೆಗೆ ಹೋಗುವ ನರ್ಸ್ ನಾನು. ಔಷಧಿ ಬಾಟಲಿ ದಿನವೂ ಎಲ್ಲಿರುತ್ತದೋ ಅಲ್ಲೇ ನನ್ನ ಕಣ್ಣಿಗೆ ಬೀಳಬೇಕು. ಅದು ಕಿಟಕಿಯ ಬಿಸಿಲಿನಲ್ಲೋ, ಪುಟ್ಟ ತಂಗಿಯ ಕೈಗೆಟುಕುವ ಮೇಜಿನ ಮೇಲೋ ಇದ್ದರೆ ಆಗಲೇ ಸರಿಪಡಿಸಬಹುದು. ಬೀರುವಿನಲ್ಲಿ ಬಚ್ಚಿಟ್ಟರೆ ನನಗೆ ಗೊತ್ತಾಗುವುದೇ ಇಲ್ಲ.

ಬಿಡುಗಡೆಯ ಚೀಟಿಯ ಜೊತೆಗೆ ಮನೆಯಲ್ಲಿರುವ ಹಳೆಯ ಔಷಧಿಗಳನ್ನೂ ತೆಗೆದಿಡಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಕೆಲವು ನೆಗಡಿ ಸಿರಪ್‌ಗಳಲ್ಲೂ ಇರುತ್ತದೆ. ಎರಡನ್ನೂ ಕೊಟ್ಟರೆ ಪ್ರಮಾಣ ಮೀರುತ್ತದೆ. ಡ್ರಾಪ್ಸ್ ಸಾಮಾನ್ಯವಾಗಿ ಸಿರಪ್‌ಗಿಂತ ಗಾಢವಾಗಿರುವುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

"ಅರ್ಥವಾಯಿತೇ?" ಎಂದು ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ನಿದ್ದೆಗೆಟ್ಟವರಂತೂ ಇನ್ನೂ ಬೇಗ. ಅದರ ಬದಲು ಆ ಹೊತ್ತಿನ ಡೋಸನ್ನು ನಿಮ್ಮ ಕೈಯಿಂದಲೇ ಕೊಡಿಸುತ್ತೇನೆ. ಬಾಟಲಿ ಚೆನ್ನಾಗಿ ಕುಲುಕಿ. ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಎಳೆದು ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ರಾತ್ರಿಯ ಡೋಸ್ ಅಜ್ಜಿ ಕೊಡುವುದಾದರೆ ಅಜ್ಜಿಯೇ ಮಾಡಿ ತೋರಿಸಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಇನ್‌ಹೇಲರ್‌ನ ಸ್ಪೇಸರ್ (ಅದರ ಬಾಯಿಗೆ ಜೋಡಿಸುವ ಟೊಳ್ಳು ಕೊಳವೆ) ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ, ಹಾಗೇ ಒಣಗಲಿ. ಉಜ್ಜಿದರೆ ಉಂಟಾಗುವ ಸ್ಥಿರ ವಿದ್ಯುತ್ತಿನಿಂದ ಔಷಧಿ ಅದರ ಗೋಡೆಗೇ ಅಂಟುತ್ತದೆ.

ಕೆಮ್ಮು, ನ್ಯುಮೋನಿಯಾ ಎಂದು ದಾಖಲಾಗಿದ್ದ ಮಗುವಾದರೆ ಉಸಿರು ಎಣಿಸುವುದನ್ನು ಕಲಿಯದೆ ನನ್ನನ್ನು ಕಳುಹಿಸಬೇಡಿ. ಮಗು ನಿದ್ದೆಯಲ್ಲೋ ಶಾಂತವಾಗಿಯೋ ಇರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ಜಾಣತನ ಬೇಡ, ಎಳೆಯ ಮಕ್ಕಳ ಉಸಿರಿನ ಲಯ ಏರುಪೇರಾಗುತ್ತಿರುತ್ತದೆ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು; ಅಂದೇ ವೈದ್ಯರಿಗೆ ತೋರಿಸಿ. ಮಗು ಚೆನ್ನಾಗಿರುವ ದಿನವೂ ಎಣಿಸಿ ಬರೆದಿಡಿ, ವ್ಯತ್ಯಾಸ ಬೇಗ ತಿಳಿಯುತ್ತದೆ.

ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ನೇರವಾಗಿ ಆಸ್ಪತ್ರೆಗೆ ಹೊರಡಿ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರವಿದ್ದರೂ ಅಷ್ಟೇ. ನನ್ನ ಫೋನಿಗಾಗಿ ಕಾಯಬೇಡಿ.

ಗುಣವಾದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ರಾತ್ರಿ ಬೆಚ್ಚಿ ಅಳುವುದು, ಸೆರಗು ಬಿಡದಿರುವುದು ಹಟವಲ್ಲ. ಬಹಳಷ್ಟು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ವೈದ್ಯರಿಗೆ ತಿಳಿಸಿ. ನನ್ನ ಚೀಲ ಕಂಡರೇ ಓಡುವವರೂ ಇದ್ದಾರೆ, ಅದಕ್ಕೇ ಚೀಲವನ್ನು ಬಾಗಿಲಲ್ಲೇ ಇಟ್ಟು ನೆಲದ ಮೇಲೆ ಕುಳಿತು ಮೊದಲು ಗೊಂಬೆಯ ಎದೆಬಡಿತ ಕೇಳುತ್ತೇನೆ. ನಿಮ್ಮಲ್ಲಿ ಒಂದು ಬೇಡಿಕೆ: "ಊಟ ಮಾಡದಿದ್ದರೆ ಸಿಸ್ಟರ್ ಸೂಜಿ ಚುಚ್ಚುತ್ತಾರೆ" ಎಂದು ಹೆದರಿಸಬೇಡಿ. ನೋಯುವ ಚಿಕಿತ್ಸೆಗೆ ನೋವೇ ಆಗುವುದಿಲ್ಲ ಎಂಬ ಸುಳ್ಳೂ ಬೇಡ.

ಆಸ್ಪತ್ರೆಯ ದಿನಗಳಲ್ಲಿ ಬೇರೆಯವರ ಬಳಿ ಉಳಿದಿದ್ದ ಅಕ್ಕನನ್ನೋ ಅಣ್ಣನನ್ನೋ ಮಾತಿಗೆ ಕರೆಯಿರಿ, ಗಡಿಯಾರ ಹಿಡಿಯುವ ಕೆಲಸ ಅವರಿಗೆ ಕೊಡಬಹುದು. ರಾತ್ರಿ ಎಚ್ಚರವಿರುವವರು ಯಾರು ಎಂದು ನಾನು ಕೇಳಿದಾಗ ನಿಜ ಹೇಳಿ. ಒಬ್ಬರೇ ಎಂದಾದರೆ, ಪಾಳಿ ಹಂಚುವ ಮಾತನ್ನು ಮನೆಯವರೆದುರು ನಾನೇ ಎತ್ತುತ್ತೇನೆ. ಹೊರಗಿನವಳು ಹೇಳಿದರೆ ಕೆಲವೊಮ್ಮೆ ಬೇಗ ನಾಟುತ್ತದೆ.

ನಾನು ಚಪ್ಪಲಿ ಮೆಟ್ಟುವ ಮುಂಚೆ ಮುಂದಿನ ಭೇಟಿಯ ದಿನವನ್ನೂ ರಾತ್ರಿ ಕರೆ ಮಾಡಬೇಕಾದ ಸಂಖ್ಯೆಯನ್ನೂ ಬಿಡುಗಡೆಯ ಚೀಟಿಯ ಮೇಲೇ ಬರೆಸಿಕೊಳ್ಳಿ.